ಗದಿಗಯ್ಯನ ತಾಟು

ಹೊಳೆಯ ದಂಡೆಯ ಮೇಲೆ ಒಂದು ಮಠ. ಮಠಕ್ಕೆ ವಯಸ್ಸಾದ ಒಬ್ಬ ಗುರುಗಳು. ಸುತ್ತಲಿನವರೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಅಜ್ಜಾರ ಶಿಷ್ಯ ಗದಿಗಯ್ಯ. ಹಿಂದೆ ಮುಂದೆ ಯಾರೂ ಇಲ್ಲದೆ ಚಿಕ್ಕಂದಿನಲ್ಲೇ ಮಠಕ್ಕೆ ಬಂದವನು. ಈಗ ಅವನ ತಲೆಯಲ್ಲೂ ನರೆ ಕಾಣುತ್ತಿತ್ತು.

ಬಂದ ದಿನ ಅಜ್ಜಾರು ಅವನಿಗೆ ಒಂದೇ ಮಾತು ಹೇಳಿದ್ದರು.

"ತಾಟಿನ್ಯಾಗ ಒಂದು ಅಗಳೂ ಬಿಡಬಾರದು ನೋಡಪಾ. ಅದು ಪ್ರಸಾದ."

ಮಠದ ಪದ್ಧತಿಯೇ ಹಾಗೆ. ಉಂಡ ಮೇಲೆ ತಾಟಿಗೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನೂ ಕುಡಿಯಬೇಕು. ಅಜ್ಜಾರು ಮಾತ್ರ ಕೊನೆಗೆ ಒಂದು ತುತ್ತು ಉಳಿಸುತ್ತಿದ್ದರು. ಗುರುವಿನ ತಾಟಿನದು ಎಂದು ಅದಕ್ಕೆ ಕೈಯೊಡ್ಡುವವರು ಬಹಳ.

ಗದಿಗಯ್ಯ ಆ ಮಾತನ್ನು ತಾಟಿಗಷ್ಟೇ ಬಿಡಲಿಲ್ಲ. ದಾಸೋಹದ ಉಸ್ತುವಾರಿ ಅವನ ಕೈಗೆ ಬಂದ ಮೇಲೆ ಪಾತ್ರೆಗಳಿಗೂ ಹಚ್ಚಿದ. ಎಲ್ಲರೂ ಉಂಡು ಎದ್ದ ಮೇಲೆ ತಳದಲ್ಲಿ ಹುಗ್ಗಿ ಉಳಿದಿರುತ್ತಿತ್ತು. ದನಕ್ಕೆ ಹಾಕಬಹುದಿತ್ತು. ನಾಯಿಗೆ ಹಾಕಬಹುದಿತ್ತು. ಅವನು ಬಾಗಿಲು ಮುಂದೆ ಮಾಡಿಕೊಂಡು ತನ್ನ ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದ.

ಹೀಗೆಯೇ ವರ್ಷಗಳು ಹೋದವು. ಮೈ ಬೆಳೆಯುತ್ತ ಹೋಯಿತು. ಹೊಳೆಯ ಮೆಟ್ಟಿಲು ಇಳಿಯುವುದು ನಿಂತಿತು. ಪಂಕ್ತಿಯಲ್ಲಿ ನೆಲದ ಮೇಲೆ ಕೂಡುವುದು ನಿಂತಿತು. ಗೋಡೆಗೆ ಒಂದು ಬೆಂಚು ಹಾಕಿಸಿದರು. ಎಲ್ಲರೂ ಕೆಳಗೆ, ಅವನೊಬ್ಬ ಮೇಲೆ. ಗೌರವಕ್ಕೆ ಹಾಕಿದ ಬೆಂಚಲ್ಲ ಎಂದು ಕೂತವನಿಗೆ ಗೊತ್ತಿತ್ತು.

ಸಂಜೆ ಭಕ್ತರಿಗೆ ನಾಲ್ಕು ಒಳ್ಳೆಯ ಮಾತು ಹೇಳುವವನೂ ಅವನೇ. ಒಮ್ಮೆ ನಾಲಿಗೆಯ ಚಪಲ ಗೆಲ್ಲುವುದು ಹೇಗೆ ಎಂದು ಹೇಳುತ್ತಿದ್ದ. ಮುಂದೆ ಕೂತ ಹೆಣ್ಣುಮಗಳೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

ಗದಿಗಯ್ಯ ಮಾತು ಮುಗಿಸಿದ. ಮರುದಿನದಿಂದ ಗಂಟಲು ಸರಿಯಿಲ್ಲ ಎಂದ. ಮತ್ತೆ ಅವನು ಮಾತಿಗೆ ಕೂಡಲೇ ಇಲ್ಲ.

ಒಂದು ದಿನ ಯಾರಿಗೂ ಹೇಳದೆ ಶಹರದ ಆಸ್ಪತ್ರೆಗೆ ಹೋದ. ಡಾಕ್ಟರಮ್ಮ ಎಲ್ಲ ತಪಾಸಣೆ ಮಾಡಿಸಿ ನೋಡಿದರು.

"ನಿದ್ದಿಯೊಳಗ ನಿಮ್ಮ ಉಸಿರು ನಿಂತ ನಿಂತ ಬರಾಕತ್ತೈತ್ರಿ. ಹಿಂಗ ಬಿಟ್ಟರ ಒಂದಿನ ಬರೂದಿಲ್ಲ" ಎಂದರು. "ಹೊಟ್ಟಿ ಸಣ್ಣದು ಮಾಡೂ ಆಪರೇಶನ್ ಐತಿ. ಅದನ್ನ ಮಾಡೂದು ನಮ್ಮ ಕೆಲಸ. ಅದಕ್ಕ ತಯಾರಾಗೂದು ನಿಮ್ಮ ಕೆಲಸ."

"ಏನು ತಯಾರಿ ಮಾಡ್ಬೇಕ್ರಿ?"

"ಆಪರೇಶನ್ ಹತ್ರ ಬಂದಾಗ ಬರೀ ಗಂಜಿ ತಿಳಿ, ಮಜ್ಜಿಗಿ, ಬ್ಯಾಳಿ ಕಟ್ಟು. ಆದ್ರ ಅದು ಆಮ್ಯಾಲಿನ ಮಾತು. ಮೊದಲು ನಿಮ್ಮವರು ಯಾರನ್ನರ ಕರಕೊಂಡು ಬರ್ರಿ. ಅವರಿಗೂ ತಿಳಿಸಿ ಹೇಳ್ಬೇಕು."

"ನನ್ನವರು ಅಂತ ಯಾರೂ ಇಲ್ರಿ."

"ಮಠದಾಗ ಇರ್ತೀನಿ ಅಂದ್ರಲ್ಲ?"

ಗದಿಗಯ್ಯ ನೆಲ ನೋಡಿದ.

"ಒಬ್ಬರೇ ಬಂದರ ನಾವು ಸೇರಿಸಿಕೊಳ್ಳೂದಿಲ್ರಿ" ಎಂದರು ಡಾಕ್ಟರಮ್ಮ.

ಅಲ್ಲೇ ಯಾರನ್ನಾದರೂ ಅಣ್ಣನೆಂದೋ ತಮ್ಮನೆಂದೋ ತೋರಿಸಿದರಾಯಿತು ಎಂದುಕೊಂಡು ಗದಿಗಯ್ಯ ಮಠಕ್ಕೆ ಬಂದ. ಮಾತಿನಿಂದ ಆಗದ್ದನ್ನು ಚಾಕುವಿನಿಂದ ಮಾಡಿಸಿಕೊಳ್ಳುತ್ತೇನೆ ಎಂದು ಅಜ್ಜಾರ ಮುಂದೆ ಹೇಳುವುದಕ್ಕಿಂತ ಸಾಯುವುದು ಸುಲಭ ಅನ್ನಿಸಿತ್ತು ಅವನಿಗೆ.

ಬಂದವನೇ ತಾನಾಗಿಯೇ ಗಂಜಿ ತಿಳಿಗೆ ಇಳಿದ.

ಅಡುಗೆಯ ನೀಲವ್ವ ಕಣ್ಣರಳಿಸಿದಳು.

"ಗದಿಗಯ್ಯನೋರು ವ್ರತ ಹಿಡದಾರವಾ! ಬರೀ ಗಂಜಿ ತಿಳಿ ಮ್ಯಾಲ ಅದಾರ!"

ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಸುಮ್ಮನಿದ್ದದ್ದೇ ಅವನ ತಪ್ಪು.

ಮಠದಲ್ಲಿ ಇಂಥ ಸುದ್ದಿ ಕಾಲಿಲ್ಲದೆ ಓಡುತ್ತದೆ. ಭಕ್ತರು ಬಂದು ಕಾಲಿಗೆ ಬೀಳತೊಡಗಿದರು. ಸೆರಗು ಬಾಯಿಗೆ ಒತ್ತಿಕೊಂಡಿದ್ದ ಆ ಹೆಣ್ಣುಮಗಳೂ ಬಂದು ಬಿದ್ದಳು. ಗದಿಗಯ್ಯನಿಗೆ ಅವಳ ನಗುವೇ ವಾಸಿಯಿತ್ತು ಅನ್ನಿಸಿತು.

ಅವನು ಅಜ್ಜಾರ ಹತ್ತಿರ ಹೋದ.

"ಶ್ರೀಶೈಲಕ್ಕ ಹೋಗಿ ಬರ್ತೀನ್ರಿ ಅಜ್ಜಾರ."

"ಒಬ್ಬನ?"

"ಹೌದ್ರಿ."

"ಯಾವಾಗ ಬರ್ತಿ?"

"ಸ್ವಲ್ಪ ತಡ ಆಗತೈತ್ರಿ."

ಅಜ್ಜಾರು ಅವನ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ ತಾಮ್ರದ ಗಿಂಡಿಯೊಂದನ್ನು ತಂದು ಅವನ ಕೈಗಿಟ್ಟರು.

"ಪಾತಾಳಗಂಗಿ ನೀರು ತುಂಬಿಕೊಂಡು ಬಾ. ನನಗಂತೂ ಇನ್ನ ಅಷ್ಟು ದೂರ ಹೋಗಾಕ ಆಗೂದಿಲ್ಲ. ದಿನಾ ಒಂದೊಂದು ಹನಿ ಕಣ್ಣಿಗೆ ಹಚ್ಚಿಕೊಳ್ತೀನಿ."

ಗಿಂಡಿ ಹಗುರವಾಗಿತ್ತು. ಗದಿಗಯ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

ಮರುದಿನ ಬೆಳಿಗ್ಗೆ, ಎಲ್ಲರೂ ಪೂಜೆಯಲ್ಲಿದ್ದಾಗ, ಅವನು ಗಿಂಡಿ ಹಿಡಿದು ಹೊಳೆಯ ಕಡೆ ಹೋದ. ಈ ನೀರನ್ನೇ ತುಂಬಿಟ್ಟುಕೊಂಡು, ವಾಪಸು ಬಂದ ಮೇಲೆ ಶ್ರೀಶೈಲದ್ದೆಂದು ಕೊಟ್ಟರಾಯಿತು. ನೀರಿಗೆ ಹೆಸರು ಬರೆದಿರುತ್ತದೆಯೇ?

ಎಷ್ಟೋ ವರ್ಷದ ಮೇಲೆ ಆ ಮೆಟ್ಟಿಲು ಇಳಿದ. ಕೊನೆಯ ಮೆಟ್ಟಿಲಲ್ಲಿ ಕೂತು ಬಗ್ಗಿ ಗಿಂಡಿ ತುಂಬಿದ. ಮುಚ್ಚಳ ಹಾಕಿದ.

ಏಳಲು ಹೋದ. ಏಳಲಾಗಲಿಲ್ಲ.

ಕೈಯೂರಿ ನೋಡಿದ. ಮಂಡಿಯೂರಿ ನೋಡಿದ. ಆಗಲಿಲ್ಲ. ಮೇಲೆ ಮಠದಲ್ಲಿ ಜನರ ಮಾತು ಕೇಳುತ್ತಿತ್ತು. ಒಂದು ಸಲ ಕೂಗಿದ್ದರೆ ಸಾಕಿತ್ತು. ಅವನು ಕೂಗಲಿಲ್ಲ. ಬಿಸಿಲು ಏರಿತು. ಕಲ್ಲು ಕಾದಿತು. ಬೆವರು ಕಣ್ಣಿಗಿಳಿಯಿತು. ಗಿಂಡಿ ಅಪ್ಪಿಕೊಂಡು ಹಾಗೆಯೇ ಕೂತಿದ್ದ.

ಹಿಂದೆ ಕೋಲಿನ ಸಪ್ಪಳವಾಯಿತು.

"ಶ್ರೀಶೈಲ ಇಷ್ಟು ಸಮೀಪ ಬಂತೇನಪಾ?" ಎಂದರು ಅಜ್ಜಾರು.

ಗದಿಗಯ್ಯನಿಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ನಾಚಿಕೆಯಿಂದ ಅವನ ಮೈಯೆಲ್ಲ ಹಿಡಿಯಾಯಿತು. ಆ ದೊಡ್ಡ ಮೈಯಲ್ಲಿ ಬಚ್ಚಿಟ್ಟುಕೊಳ್ಳಲು ಒಂದು ಮೂಲೆಯೂ ಇರಲಿಲ್ಲ.

ಅಜ್ಜಾರು ನಿಧಾನಕ್ಕೆ ಇಳಿದು ಬಂದು ಪಕ್ಕದಲ್ಲೇ ಕೂತರು.

"ಸುಳ್ಳು ಹೇಳಿದೆ ಅಜ್ಜಾರ."

"ಹೂಂ."

"ಶ್ರೀಶೈಲ ಇಲ್ಲ, ವ್ರತ ಇಲ್ಲ. ಹೊಟ್ಟಿ ಕೊಯ್ಯಿಸಿಕೊಳ್ಳಾಕ ಹೊಂಟಿದ್ದೆ."

ಒಂದು ಮಾತು ಬಂದ ಮೇಲೆ ಉಳಿದವೆಲ್ಲ ಬಂದವು. ಆಸ್ಪತ್ರೆ, ಉಸಿರು, ಡಾಕ್ಟರಮ್ಮ. ಕೊನೆಗೆ ಬಾಗಿಲು ಮುಂದೆ ಮಾಡಿಕೊಂಡು ಉಂಡ ಹುಗ್ಗಿಯೂ ಬಂತು.

"ಮೊದಲು ಚೆಲ್ಲಬಾರದು ಅಂತ ಉಂಡೆ. ಆಮ್ಯಾಲ ಉಂಡಿದ್ದಕ್ಕ ನಾಚಿಕಿ ಆತು. ನಾಚಿಕಿ ಆದಾಗೆಲ್ಲ ಮತ್ತ ಉಂಡೆ. ಹಸಿವಾಗಿ ಉಂಡದ್ದು ನನಗ ನೆಪ್ಪ ಇಲ್ಲರಿ."

ಅಜ್ಜಾರು ಹೊಳೆ ನೋಡುತ್ತಿದ್ದರು.

"ಎಷ್ಟೊತ್ತಾತು ಇಲ್ಲಿ ಕುಂತು?"

"ಪೂಜಿ ಗಂಟಿ ಆದಾಗಿನಿಂದ್ರಿ."

"ಕೂಗಬೇಕಿಲ್ಲೋ?"

"ನಾಚಿಕಿ ಆತ್ರಿ."

ಅಜ್ಜಾರು ಅವನ ಕೈ ಹಿಡಿದು ಎಳೆದರು. ಅವನು ಅಲುಗಲಿಲ್ಲ. ತಾವೇ ಏಳಲು ನೋಡಿದರು. ಕೂತು ಕೂತು ಅವರ ಮಂಡಿಯೂ ಹಿಡಿದಿತ್ತು.

ಆಗ ಅವರು ಮಠದ ಕಡೆ ಮುಖ ಮಾಡಿ ಗಂಟಲೆತ್ತಿ ಕೂಗಿದರು.

"ಯಾರರ ಬರ್ರೋ! ನಮ್ಮ ಕೈಲೆ ಏಳಾಕ ಆಗವಲ್ದು!"

ಜನ ಓಡಿ ಬಂದರು. ಎಲ್ಲರೂ ಸೇರಿ ಇಬ್ಬರನ್ನೂ ಎಬ್ಬಿಸಿದರು. ಯಾರೂ ನಗಲಿಲ್ಲ. ಅಜ್ಜಾರೊಬ್ಬರೇ ನಕ್ಕರು.

ಮೇಲೆ ಬರುವಷ್ಟರಲ್ಲಿ ನೀಲವ್ವ ಹಾರ ಹಿಡಿದು ನಿಂತಿದ್ದಳು, ಶ್ರೀಶೈಲಕ್ಕೆ ಹೊರಟವನಿಗೆ ಹಾಕಲೆಂದು. ಗದಿಗಯ್ಯ ಅಜ್ಜಾರ ಮುಖ ನೋಡಿದ. ಅಜ್ಜಾರು ಬೇರೆ ಕಡೆ ನೋಡಿದರು. ಹೇಳಬೇಕಾದವನು ಅವನೇ.

ಅವನು ಹೇಳಿದ. ಎಲ್ಲರ ಮುಂದೆ, ತಲೆ ತಗ್ಗಿಸಿ, ಏನೂ ಉಳಿಸದೆ ಹೇಳಿದ.

ನೀಲವ್ವ ಹಾರ ಕೆಳಗಿಳಿಸಿದಳು.

"ವ್ರತ ಅಂತ ಕಾಲಿಗೆ ಬಿದ್ದೆನಲ್ಲೋ ನಿನ್ನ!" ಎಂದು ರೇಗಿದಳು. ಆಮೇಲೆ ದನಿ ಇಳಿಸಿ ಹೇಳಿದಳು. "ಮೊದಲ ಹೇಳಿದ್ದರ ಗಂಜಿಗೆ ಚೂರು ಜೀರಗಿ ಹಾಕಿ ಕೊಡ್ತಿದ್ದೆ. ಏನೂ ಹಾಕದ ಸಪ್ಪನ್ನ ಗಂಜಿ ಕುಡದಿ."

ಆ ವಾರ ಅಜ್ಜಾರು ಅವನ ಜೊತೆ ಬಸ್ ಹತ್ತಿದರು.

"ಇವರು ನಿಮಗ ಏನಾಗಬೇಕ್ರಿ?" ಎಂದು ಡಾಕ್ಟರಮ್ಮ ಗದಿಗಯ್ಯನನ್ನು ಕೇಳಿದರು.

ಅವನು ತಡವರಿಸಿದ.

"ನಾ ಇವನ ಕಡಿಯಾಂವ್ರಿ" ಎಂದರು ಅಜ್ಜಾರು.

ಡಾಕ್ಟರಮ್ಮ ಇಬ್ಬರಿಗೂ ಕೂಡಿಸಿ ಹೇಳಿದರು. "ಆಪರೇಶನ್ ಆದ ಮ್ಯಾಲ ಉಣ್ಣೂದು ಕಲಿತೀನಿ ಅಂದರ ನಡಿಯೂದಿಲ್ಲ, ಈಗ ಕಲೀಬೇಕು. ತುತ್ತು ಸಣ್ಣದಿರ್ಲಿ. ಬಾಯಾಗ ನುಣ್ಣಗಾಗೂ ಮಟ ಅಗೀಬೇಕು. ಊಟದ ನಡುವ ನೀರು ಕುಡಿಬಾರದು, ಉಂಡ ಕೂಡ್ಲೇನೂ ಕುಡಿಬಾರದು. ಹೊಟ್ಟಿ ಸಾಕು ಅಂದ ಕೂಡ್ಲೇ ಕೈ ತಗೀಬೇಕು, ತಾಟಿನ್ಯಾಗ ಎಷ್ಟರ ಇರಲಿ. ಅಷ್ಟು ರೂಢಿ ಆಗಲಿ, ಆಮ್ಯಾಲ ತಾರೀಖು ಕೊಡ್ತೀನಿ."

ಬಸ್ಸಿನಲ್ಲಿ ಅಜ್ಜಾರು ಕೇಳಿದರು.

"ಇದ್ರಾಗ ಯಾವುದು ಕಠಿಣ?"

"ಬಿಡೂದ್ರಿ."

"ರುಚಿ ಬಿಡೂದಾ?"

"ಅಲ್ರಿ. ತಾಟಿನ್ಯಾಗ ಬಿಡೂದು. ಆಪರೇಶನ್ ಆದ ಮ್ಯಾಲ ಒಂದು ತುತ್ತು ಹೆಚ್ಚಾದ್ರೂ ಜೀವ ಹೈರಾಣ ಆಗತೈತಂತ. ಬಿಟ್ಟರ ಪ್ರಸಾದ ಬಿಟ್ಟಂಗ. ತಾಟು ತೊಳದು ಕುಡಿಯೂ ಹಂಗೂ ಇಲ್ಲ." ಅವನು ಕಿಟಕಿಯ ಕಡೆ ತಿರುಗಿದ. "ಒಂದು ಅಗಳೂ ಬಿಡಬಾರದು ಅಂದವರು ನೀವ ಅಲ್ಲೇನ್ರಿ ಅಜ್ಜಾರ?"

ಊರು ಬರುವ ತನಕ ಅಜ್ಜಾರು ತಮ್ಮ ಅಂಗೈಯನ್ನೇ ನೋಡುತ್ತ ಕೂತಿದ್ದರು.

ಗದಿಗಯ್ಯ ದಿನವೂ ಪ್ರಯತ್ನಪಟ್ಟ. ಸ್ವಲ್ಪವೇ ಬಡಿಸಿಕೊಂಡ. ಸಣ್ಣ ತುತ್ತು ಮಾಡಿದ, ಅಗಿದ. ಆದರೆ ಹೊಟ್ಟೆ ಎಲ್ಲಿ ಸಾಕೆನ್ನುತ್ತದೆ ಎಂದು ಬಡಿಸುವಾಗಲೇ ಹೇಳುವವರು ಯಾರು? ಕೊನೆಗೆ ಮೂರು ತುತ್ತು ಉಳಿದಿರುತ್ತಿತ್ತು. ಪಂಕ್ತಿಯವರ ಕಣ್ಣು ತನ್ನ ತಾಟಿನ ಮೇಲಿದೆ ಅನ್ನಿಸಿ, ಅದನ್ನೂ ನುಂಗಿ, ತಾಟು ತೊಳೆದು ಕುಡಿದು ಏಳುತ್ತಿದ್ದ. ದಿನಗಳು ಹೋದವು, ತಾರೀಖು ಸಿಗಲಿಲ್ಲ.

ಒಂದು ಸೋಮವಾರ ಮಠದಲ್ಲಿ ಗೋಧಿ ಹುಗ್ಗಿ ಮಾಡಿದ್ದರು. ಪಂಕ್ತಿ ತುಂಬ ಜನ. ಅಜ್ಜಾರು ತಮ್ಮ ಮಣೆ ಬಿಟ್ಟು ಬಂದು ಗದಿಗಯ್ಯನ ಬೆಂಚಿನ ಮೇಲೆ ಕೂತರು. ಜನ ಮುಖ ಮುಖ ನೋಡಿಕೊಂಡರು.

ನೀಲವ್ವ ಬಡಿಸುತ್ತ ಬಂದಳು. ಗದಿಗಯ್ಯನ ತಾಟಿಗೆ ಒಂದು ಸೌಟು ಹಾಕಿದಳು. ಅಜ್ಜಾರ ತಾಟಿಗೆ ಬಗ್ಗಿದಾಗ ಅವರು ಕೈ ಅಡ್ಡ ಹಿಡಿದರು.

"ನನಗ ಆಮ್ಯಾಲ."

"ಬೆಳಿಗ್ಗಿಂದ ಏನೂ ತಗೊಂಡಿಲ್ಲರಿ ಅಜ್ಜಾರ."

"ಆಮ್ಯಾಲವಾ."

ಗದಿಗಯ್ಯ ಸಣ್ಣ ತುತ್ತು ಮಾಡಿದ. ಅಗಿದ. ಮತ್ತೊಂದು ಮಾಡಿದ. ಉಳಿದವರದೆಲ್ಲ ಮುಗಿಯಿತು. ಎಲ್ಲರೂ ತಾಟು ತೊಳೆದು ಕುಡಿದರು. ಅಜ್ಜಾರು ಏಳದೆ ಯಾರೂ ಏಳುವಂತಿಲ್ಲ. ಅಜ್ಜಾರು ಏಳಲಿಲ್ಲ. ಇಡೀ ಪಂಕ್ತಿ ಅವನೊಬ್ಬನಿಗಾಗಿ ಕಾಯುತ್ತಿತ್ತು. ಅವನ ಕಿವಿ ಬಿಸಿಯಾದವು.

ಅರ್ಧ ಹುಗ್ಗಿ ಇನ್ನೂ ಉಳಿದಿರುವಾಗಲೇ ಹೊಟ್ಟೆ ಸಾಕೆಂದಿತು. ಅವನಿಗೆ ಸ್ಪಷ್ಟವಾಗಿ ತಿಳಿಯಿತು. ಆದರೂ ಕೈ ತಾಟಿಗೆ ಹೋಯಿತು. ತುತ್ತು ಬಾಯಿಯ ಹತ್ತಿರ ಬಂತು.

ಅಲ್ಲೇ ನಿಂತಿತು. ಅವನು ಅದನ್ನು ಮತ್ತೆ ತಾಟಿನಲ್ಲಿಟ್ಟ.

"ಸಾಕಾತ್ರಿ" ಎಂದ, ತನಗಷ್ಟೇ ಕೇಳುವಂತೆ.

"ಏನಂದಿ? ಕೇಳಲಿಲ್ಲ" ಎಂದರು ಅಜ್ಜಾರು.

"ಸಾಕಾತ್ರಿ ಅಜ್ಜಾರ!"

ಪಂಕ್ತಿಗೆಲ್ಲ ಕೇಳಿಸಿತು. ಗದಿಗಯ್ಯ ಕಣ್ಣು ಮುಚ್ಚಿಕೊಂಡ. ಯಾರಾದರೂ ನಗುತ್ತಾರೆ ಎಂದು ಕಾದ.

ಮಡಿಲಲ್ಲಿದ್ದ ತಾಟು ಅಲುಗಿತು. ಕಣ್ಣು ಬಿಟ್ಟರೆ ಅಜ್ಜಾರು ಅದನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ಅವನು ಗಾಬರಿಯಾಗಿ ಎರಡೂ ಕೈಯಲ್ಲಿ ತಾಟು ಹಿಡಿದುಕೊಂಡ.

"ಅಜ್ಜಾರ, ಬ್ಯಾಡ್ರಿ! ಅದು ನನ್ನ ಎಂಜಲು!"

"ನಿನಗ ಸಾಕಾತು. ನನಗ ಇನ್ನೂ ಹಸಿವು ಐತಿ. ಬಿಡಪಾ ತಾಟು" ಎಂದರು ಅಜ್ಜಾರು.