ಬಾಲವಿಲ್ಲದ ನವಿಲು, ಟವೆಲ್ ಹಾಕಿದ ಸೀಟು

ಹತ್ತಿರ ಬನ್ನಿ. ಕಾಲು ಮಡಚಿ ಕೂತ್ಕೊಳ್ಳಿ. ನವಿಲು ಬಂತು, ಬಾಲ ಬರಲಿಲ್ಲ. ಯಾಕೆ ಅಂತ ಹೇಳ್ತೀನಿ.

ಇಂಚರ ಕಂಪ್ಯೂಟರಿನಲ್ಲಿ ನವಿಲು ಬಿಡಿಸಿದಳು. ಜುಟ್ಟು ಬಿಡಿಸಿದಳು. ಕೊಕ್ಕು ಬಿಡಿಸಿದಳು. ನೀಲಿ ಕತ್ತು ಬಿಡಿಸಿದಳು. ಕಡ್ಡಿ ಕಾಲು ಬಿಡಿಸಿದಳು. ಬಾಲ ಬಿಡಿಸುತ್ತಾ ಇದ್ದಳು. ಕಂಪ್ಯೂಟರ್ ಗಪ್ ಅಂತ ನಿಂತಿತು. ಬಾಲ ಮಾಯ!

"ಅತ್ತೇ! ನನ್ನ ನವಿಲಿನ ಬಾಲ ಹೋಯ್ತು!"

ಪ್ರಮೀಳತ್ತೆ ಬಂದು ನೋಡಿದಳು. "ಹ್ಯಾಂಗ್ ಆಗಿದೆ ಕಣೇ. ಕಾಫಿ ಕುಡಿದು ಬರ್ತೀನಿ. ಅಷ್ಟರಲ್ಲಿ ಸರಿಹೋದರೆ ಸರಿ. ಇಲ್ಲದಿದ್ದರೆ ಬಟನ್ ಒತ್ತಿ ಆರಿಸಿಬಿಡ್ತೀನಿ."

"ಆರಿಸಿದರೆ ನನ್ನ ನವಿಲು?"

"ಸೇವ್ ಮಾಡಿದೀಯಾ?"

"ಇಲ್ಲ."

"ಹಾಗಾದರೆ ನವಿಲೂ ಹೋಗುತ್ತೆ."

ಪರದೆಯ ಮೇಲಿದ್ದ ನವಿಲಿಗೆ ಇದು ಕೇಳಿಸಿತು. ಟುಕುಟುಕು ಅಂತ ಕಂಪ್ಯೂಟರಿನ ಒಳಗೆ ಓಡಿತು.

ಒಳಗೆ ಏನಿದೆ? ಬಸ್ಸಿದೆ. ಕಂಪ್ಯೂಟರಿನ ಕೆಲಸದವರೆಲ್ಲ ಅದರಲ್ಲೇ ಕೂತು ಕೆಲಸ ಮಾಡ್ತಾರೆ. ಸೀಟಿದ್ದರೆ ಕೆಲಸ. ಸೀಟಿಲ್ಲದಿದ್ದರೆ ಇಲ್ಲ. ಅಲ್ಲೂ ನಮ್ಮೂರ ಬಸ್ಸಿನ ಪದ್ಧತಿಯೇ. ಟವೆಲ್ ಹಾಕಿದರೆ ಸೀಟು ಅವರದು. ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಹಾಕಿದವರೇ ತೆಗೀಬೇಕು.

ಚಿತ್ರ ಬಿಡಿಸೋ ಬಣ್ಣದ ಡಬ್ಬಿ ಸೀಟು ಸಿಗದೆ ಬಾಗಿಲಲ್ಲೇ ಜೋತಾಡುತ್ತಿತ್ತು.

"ಡಬ್ಬಿ ಡಬ್ಬಿ, ಬಾಲ ಕೊಡು!"

"ಜೋತಾಡಿಕೊಂಡು ಬಾಲ ಬಿಡಿಸೋಕಾಗುತ್ತಾ? ಹಾಡಿನ ಪೆಟ್ಟಿಗೆ ಟವೆಲ್ ತೆಗೀಲಿ. ಆಗ ಕೂರ್ತೀನಿ."

ನವಿಲು ಪೆಟ್ಟಿಗೆಯ ಹತ್ತಿರ ಓಡಿತು.

"ಪೆಟ್ಟಿಗೆ ಪೆಟ್ಟಿಗೆ, ಟವೆಲ್ ತೆಗಿ! ನೀನು ತೆಗೆದರೆ ಡಬ್ಬಿ ಕೂರುತ್ತೆ. ಡಬ್ಬಿ ಕೂತರೆ ಬಾಲ ಬರುತ್ತೆ."

"ಹಾಡು ಮುಗೀತು, ನಿಜ. ಮತ್ತೆ ಹಾಡು ಅಂದರೆ ಏನು ಮಾಡಲಿ? ತೆಗೆಯೋಲ್ಲ ಹೋಗು. ಮೊದಲು ಆಟದ ಕಾರು ತೆಗೀಲಿ."

ನವಿಲು ಕಾರಿನ ಹತ್ತಿರ ಓಡಿತು.

"ಕಾರೇ ಕಾರೇ, ಟವೆಲ್ ತೆಗಿ! ನೀನು ತೆಗೆದರೆ ಪೆಟ್ಟಿಗೆ ತೆಗೆಯುತ್ತೆ. ಪೆಟ್ಟಿಗೆ ತೆಗೆದರೆ ಡಬ್ಬಿ ಕೂರುತ್ತೆ. ಡಬ್ಬಿ ಕೂತರೆ ಬಾಲ ಬರುತ್ತೆ."

"ಡುರ್ರ್! ರೇಸಿನಲ್ಲಿ ಗೆದ್ದವನು ನಾನು. ನನಗೇ ಹೇಳ್ತೀಯಾ? ಆ ಜಾಹೀರಾತಮ್ಮನ್ನ ನೋಡು, ಒಂದು ಸಾಲು ಪೂರ್ತಿ ಹಿಡಿದಿದಾಳೆ! ಮೊದಲು ಅವಳು ತೆಗೀಲಿ."

ಜಾಹೀರಾತಮ್ಮ ಗೊತ್ತಲ್ಲ? ಕರೆಯದಿದ್ದರೂ ಬರೋಳು. ಹೋಗು ಅಂದರೂ ಹೋಗದೋಳು.

"ಬಾ ಮರಿ ಬಾ! ಸೀರೆ ತಗೋತೀಯಾ? ಒಂದು ತಗೊಂಡರೆ ಇನ್ನೊಂದು ಪುಕ್ಕಟೆ!"

"ಸೀರೆ ಬೇಡಮ್ಮಾ, ಬಾಲ ಬೇಕು! ಟವೆಲ್ ತೆಗಿಯಮ್ಮಾ! ನೀನು ತೆಗೆದರೆ ಕಾರು ತೆಗೆಯುತ್ತೆ. ಕಾರು ತೆಗೆದರೆ ಪೆಟ್ಟಿಗೆ ತೆಗೆಯುತ್ತೆ. ಪೆಟ್ಟಿಗೆ ತೆಗೆದರೆ ಡಬ್ಬಿ ಕೂರುತ್ತೆ. ಡಬ್ಬಿ ಕೂತರೆ ಬಾಲ ಬರುತ್ತೆ."

"ಆಹಾ! ಮುಂದಿನ ಸೀಟು ನೋಡು. ಕಂಡಕ್ಟರೇ ಹಸಿರು ಟವೆಲ್ ಹಾಕಿದಾನೆ. ಅವನು ತೆಗೀಲಿ, ಆಮೇಲೆ ನಾನು."

ಹೊರಗೆ ಕಾಫಿ ಲೋಟ ಕೆಳಗಿಟ್ಟ ಸದ್ದು. ಟಣ್!

ನವಿಲು ಎದ್ದೆನೋ ಬಿದ್ದೆನೋ ಅಂತ ಓಡಿತು. ಕಂಡಕ್ಟರ್ ಕಂಬಕ್ಕೆ ಒರಗಿ ನಿಂತಿದ್ದ.

"ಕಂಡಕ್ಟರಣ್ಣ, ಕಂಡಕ್ಟರಣ್ಣ, ಟವೆಲ್ ತೆಗಿಯಣ್ಣ! ನೀನು ತೆಗೆದರೆ ಜಾಹೀರಾತಮ್ಮ ತೆಗೀತಾಳೆ. ಜಾಹೀರಾತಮ್ಮ ತೆಗೆದರೆ ಕಾರು ತೆಗೆಯುತ್ತೆ. ಕಾರು ತೆಗೆದರೆ ಪೆಟ್ಟಿಗೆ ತೆಗೆಯುತ್ತೆ. ಪೆಟ್ಟಿಗೆ ತೆಗೆದರೆ ಡಬ್ಬಿ ಕೂರುತ್ತೆ. ಡಬ್ಬಿ ಕೂತರೆ ಬಾಲ ಬರುತ್ತೆ!"

"ನನ್ನ ಟವೆಲ್ಲಾ? ಕೂರೋಕೆ ಜಾಗ ಸಿಗದೆ ಬೆಳಿಗ್ಗೆಯಿಂದ ನಿಂತೇ ಇದೀನಿ ಕಣಪ್ಪ!"

"ಮತ್ತೆ ಆ ಹಸಿರು ಟವೆಲ್ ಯಾರದು?"

ಕಂಡಕ್ಟರ್ ಟವೆಲ್ ನೋಡಿದ. ತನ್ನ ಹೆಗಲು ಮುಟ್ಟಿಕೊಂಡ. ಹೆಗಲು ಖಾಲಿ!

"ಅಯ್ಯೋ ನನ್ನ ಮರೆವೇ! ಬೆಳಿಗ್ಗೆ ನಾನೇ ಹಾಕಿದ್ದು! ಯಾರದೋ ಸೀಟು ಅಂತ ನಾನೇ ನಿಂತಿದೀನಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಕಾರು ಎಲ್ಲರಿಗಿಂತ ಜೋರಾಗಿ ನಕ್ಕಿತು. ಆಮೇಲೆ ತನ್ನ ಟವೆಲ್ ನೋಡಿ ಸುಮ್ಮನಾಯಿತು.

ಕಂಡಕ್ಟರ್ ಟವೆಲ್ ತೆಗೆದ.
ಕಂಡಕ್ಟರ್ ತೆಗೆದ ಅಂತ ಜಾಹೀರಾತಮ್ಮ ತೆಗೆದಳು. ಗೊಣಗುತ್ತಾ ತೆಗೆದಳು.
ಜಾಹೀರಾತಮ್ಮ ತೆಗೆದಳು ಅಂತ ಕಾರು ತೆಗೆಯಿತು.
ಕಾರು ತೆಗೆಯಿತು ಅಂತ ಪೆಟ್ಟಿಗೆ ತೆಗೆಯಿತು.
ಪೆಟ್ಟಿಗೆ ತೆಗೆಯಿತು, ಡಬ್ಬಿ ಕೂತಿತು.
ಡಬ್ಬಿ ಕೂತಿತು, ಬಾಲ ಬಂತು!

ಅತ್ತೆಯ ಬೆರಳು ಬಟನ್ನಿನ ಮೇಲಿತ್ತು.

"ಅತ್ತೇ, ತಾಳು ತಾಳು! ಬಾಲ ಬಂತು!"

ಬಂತು ಅಂದರೆ ಹೇಗೆ? ಪರದೆಯ ಆ ತುದಿಯಿಂದ ಈ ತುದಿಗೆ! ಹಸಿರು, ನೀಲಿ, ಹೊನ್ನಿನ ಕಣ್ಣು ಕಣ್ಣು!

"ಬಾಯಿ ಬಿಟ್ಕೊಂಡು ನೋಡ್ತೀಯಲ್ಲೇ, ಸೇವ್ ಮಾಡೇ!" ಅಂದಳು ಅತ್ತೆ. ಅವಳ ಬಾಯೂ ಬಿಟ್ಟೇ ಇತ್ತು.

ಇಂಚರ ಸೇವ್ ಮಾಡಿದಳು.

ನವಿಲು ಮೆಲ್ಲಗೆ ತಿರುಗಿ ನೋಡಿಕೊಂಡಿತು. ಬಾಲ ಇತ್ತು. ಯಾವುದಕ್ಕೂ ಇರಲಿ ಅಂತ ಇನ್ನೊಂದು ಸಲ ನೋಡಿಕೊಂಡಿತು. ಇತ್ತು.