ದೀಪ ಹಚ್ಚಿದ ಮೇಲೆ ಕೊಟ್ಟ ಉಣ್ಣೆ

ನಮ್ಮಜ್ಜಿಯ ಅಜ್ಜಿಗೂ ಹಿಂದಿನ ಮಾತು. ಒಂದು ಊರಿನಲ್ಲಿ ಕಾಟಜ್ಜ ಅಂತ ಕಂಬಳಿ ನೇಯುವವನೊಬ್ಬ ಇದ್ದನಂತೆ. ಅವನು ನೇಯ್ದ ಕಂಬಳಿಯಲ್ಲಿ ನೀರು ತುಂಬಿ ತರಬಹುದಿತ್ತಂತೆ. ಅದನ್ನು ಹೊದ್ದ ಕುರಿಗಾಹಿಯ ಹತ್ತಿರ ತೋಳ ಸುಳಿಯುತ್ತಿರಲಿಲ್ಲವಂತೆ. ನಗಬೇಡಿ. ನಾನೂ ನೋಡಿಲ್ಲ, ನೀವೂ ನೋಡಿಲ್ಲ. ಬೇಕಾದ್ದನ್ನು ಕೇಳಿ, ಬೇಡದ್ದನ್ನು ಇಲ್ಲೇ ಬಿಟ್ಟು ಎದ್ದು ಹೋಗಿ.

ಆ ಊರಿಗೆ ಒಂದು ವರ್ಷ ಜ್ವರ ಬಂತು. ಬೆಳಿಗ್ಗೆ ಹೆಣ ಹೊತ್ತವನನ್ನೇ ಸಂಜೆ ಹೊರಬೇಕಾಗುತ್ತಿತ್ತಂತೆ. ಕಾಟಜ್ಜನ ಹೆಂಡತಿ ಹೋದಳು, ಮಗನೂ ಹೋದ. ಮಣ್ಣು ಮಾಡಿ ಬಂದವನು ಕೈಕಾಲು ತೊಳೆದು ನೇರ ಮಗ್ಗದ ಕುಣಿಗೆ ಇಳಿದನಂತೆ. ಎಂಥ ಕಲ್ಲೆದೆ ಅಂದರು ಜನ. ಕಲ್ಲೆದೆಯಲ್ಲ ಕಣ್ರಪ್ಪ. ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಕೈಗೊಂದು ಕೆಲಸ ಇರುತ್ತಿತ್ತು, ಅಷ್ಟೆ.

ಒಂದು ಸಂಜೆ ಪಾಲಯ್ಯ ಎಂಬ ಕುರಿಗಾಹಿ ಅವನ ಬಾಗಿಲಿಗೆ ಬಂದ. ಜ್ವರ ಅವನ ಮನೆಯನ್ನು ಗುಡಿಸಿ ಹಾಕಿತ್ತು. ಕಾಯುವವರಿಲ್ಲದೆ ಕುರಿಗಳೂ ಚದುರಿ ಹೋಗಿದ್ದವು.

"ಏನಾರಾ ಕೆಲ್ಸ ಕೊಡಜ್ಜ. ಉಣ್ಣೆನಾರಾ ಹಿಂಜ್ತೀನಿ. ಮನೇಲಿ ಸುಮ್ಕೆ ಕುಂತ್ಕಳಕ್ಕೆ ಆಗ್ತಿಲ್ಲ" ಅಂದನಂತೆ.

ಅಷ್ಟು ಹೊತ್ತಿಗೆ ದೀಪ ಹಚ್ಚಿ ಆಗಿತ್ತು. ದೀಪ ಹಚ್ಚಿದ ಮೇಲೆ ಮೊಸರು, ಉಪ್ಪು ಹೊಸ್ತಿಲು ದಾಟಬಾರದು ಅಂತಾರಲ್ಲ, ಹಾಗೆ ಆ ಊರಿನಲ್ಲಿ ಉಣ್ಣೆಯೂ ದಾಟುವಂತಿರಲಿಲ್ಲ. ದಾಟಿದರೆ ಮನೆಯ ಲಕ್ಷ್ಮಿ ಹೋಗುತ್ತಾಳೆ, ಊರಿಗೆ ಕೇಡು ಬರುತ್ತದೆ ಅಂತ. "ನಾಳೆ ಬಾರಪ್ಪ" ಅಂದ ಕಾಟಜ್ಜ. ಪಾಲಯ್ಯ ತಲೆಯಾಡಿಸಿ ಹೋದ. ಬೆಳಿಗ್ಗೆ ನೀರಿಗೆ ಹೋದ ಹೆಂಗಸರು ಅವನನ್ನು ಬಾವಿಯಲ್ಲಿ ಕಂಡರು.

ಹೆಣ ಎತ್ತಿದ್ದೂ ಕಾಟಜ್ಜನೇ ಅಂತಾರೆ. ಒಂದು ಹಿಡಿ ಉಣ್ಣೆ ಸಾಕಿತ್ತು. ಆ ರಾತ್ರಿ ಪಾಲಯ್ಯನ ಕೈಗೆ ಏನಾದರೂ ಬೇಕಿತ್ತು, ಬೆಳಿಗ್ಗೆ ಎದ್ದು ಅದನ್ನು ಯಾರಿಗೋ ಕೊಡಬೇಕು ಅನ್ನುವುದು ಬೇಕಿತ್ತು.

ಊರ ಕೊನೆಯಲ್ಲಿ ಬೊಮ್ಮವ್ವ ಅಂತ ಒಬ್ಬಳಿದ್ದಳು. ಗಂಡ ಮಕ್ಕಳನ್ನೆಲ್ಲ ಮಣ್ಣಿಗೆ ಕೊಟ್ಟು ಜಗಲಿಯ ಮೇಲೆ ಕೂತವಳು ಏಳಲಿಲ್ಲ, ಮಾತಾಡಲಿಲ್ಲ. ಜನ ಕನಿಕರಪಟ್ಟು ಅಂಬಲಿ ಇಟ್ಟು ಹೋಗುತ್ತಿದ್ದರು, ನಾಯಿ ಕುಡಿಯುತ್ತಿತ್ತು. ಇವಳೂ ಹೋಗುವವಳೇ ಅಂತ ಊರು ಆಸೆ ಬಿಟ್ಟಿತ್ತು. ಪಾಲಯ್ಯನನ್ನು ಮಣ್ಣು ಮಾಡಿದ ದಿನವೇ, ದೀಪ ಹಚ್ಚಿದ ಮೇಲೆ, ಎಲ್ಲರೂ ನೋಡುತ್ತಿದ್ದ ಹಾಗೆ ಕಾಟಜ್ಜ ಉಣ್ಣೆ ಹಿಡಿದು ಹೊಸ್ತಿಲು ದಾಟಿದನಂತೆ. ಅವಳ ಮಡಿಲಿಗೆ ಹಾಕಿ, "ಬೆಳಿಗ್ಗೆಗೆ ಹಿಂಜಿಡವ್ವ. ಇಲ್ದಿದ್ರೆ ನನ್ ಮಗ್ಗ ನಿಂತೋಗ್ತತೆ" ಅಂದನಂತೆ.

ಬೆಳಿಗ್ಗೆ ಉಣ್ಣೆ ಹಾಗೇ ಇತ್ತು. ಅವನ ಮಗ್ಗವೂ ನಿಂತಿತು. ಬೇರೆಯವರು ನೂಲು ಕೊಡಲು ಬಂದರೆ, ಅದು ಬೊಮ್ಮವ್ವನ ಕೆಲಸ ಅಂತ ವಾಪಸು ಕಳಿಸಿದ. ಸಂಜೆ ಮತ್ತೆ ಹೋದ, ಮರುದಿನವೂ ಹೋದ. ಕೊನೆಗೊಂದು ಬೆಳಿಗ್ಗೆ ನೋಡಿದರೆ, ಉಣ್ಣೆಗೆ ಅಂಟಿಕೊಂಡಿದ್ದ ನೆಗ್ಗಿಲು ಮುಳ್ಳೊಂದು ಅವಳ ಪಕ್ಕದಲ್ಲಿ ಬಿದ್ದಿತ್ತು. ಅವಳಿಗೇ ತಿಳಿಯದೆ ಬೆರಳು ಕಿತ್ತು ಹಾಕಿತ್ತು. ಕಾಟಜ್ಜ ಅದಕ್ಕೆ ಕೂಲಿ ಅಂತ ರಾಗಿ ಅಳೆದು ಕೊಟ್ಟ. ಕನಿಕರದ ಅಂಬಲಿ ಮುಟ್ಟದವಳು ಕೂಲಿಯ ರಾಗಿಯನ್ನು ಬೀಸಿದಳಂತೆ. ಆಮೇಲೆ ದಿನಾ ಉಣ್ಣೆ, ದಿನಾ ರಾಗಿ. ಹಿಂಜಿದಳು, ನೂತಳು. ಮಾತು ಮಾತ್ರ ಬರಲಿಲ್ಲ.

ಅಷ್ಟರಲ್ಲಿ ಜ್ವರ ತಿರುಗಿ ಬಂತು. ಉಣ್ಣೆ ದಾಟಿಸಿದ್ದಕ್ಕೇ ಬಂತು ಅಂತ ಊರವರು ಕಾಟಜ್ಜನ ಮನೆಗೆ ನುಗ್ಗಿದರು. ಮಗ್ಗದ ನೂಲು ಹರಿದು, ಕುಣಿಗೆ ಕಲ್ಲು ಮಣ್ಣು ತುಂಬಿದರು. ಬೊಮ್ಮವ್ವ ಜಗಲಿಯ ಮೇಲೆ ಕೂತಿದ್ದಳಲ್ಲ, ಹಾಗೇ ಅವನೂ ಗೋಡೆಗೆ ಒರಗಿ ಕೂತುಬಿಟ್ಟನಂತೆ.

ಬೆಳಿಗ್ಗೆ ಬೊಮ್ಮವ್ವ ನೂಲಿನ ಉಂಡೆ ಹಿಡಿದು ಬಂದಳು. ಕುಣಿ ನೋಡಿದಳು, ಅವನನ್ನು ನೋಡಿದಳು. ಉಂಡೆಯನ್ನು ಅವನ ಮಡಿಲಿಗೆ ಹಾಕಿ, ಸೆರಗು ಸಿಕ್ಕಿಸಿ, ಬರಿಗೈಯಲ್ಲೇ ಮಣ್ಣು ಬಗೆಯತೊಡಗಿದಳು. ಉಗುರು ಕಿತ್ತು ರಕ್ತ ಬಂತು ಅಂತಾರೆ. ಮಕ್ಕಳು ಹೋದ ಮೇಲೆ ಅವಳಾಡಿದ ಮೊದಲ ಮಾತು ಇದೇ ಅಂತೆ.

"ಏಳಜ್ಜ. ನಾ ನೂತಿದ್ದು ನೇಯೋರ್ಯಾರು?"

ಕಾಟಜ್ಜ ಎದ್ದ. ಅವಳ ನೂಲಿನ ಕಂಬಳಿ ನೇಯ್ದು ಮುಗಿಯುವ ಹೊತ್ತಿಗೆ ಜ್ವರ ಅವನಿಗೂ ಅಂಟಿತ್ತು. ಅದರಲ್ಲೇ ಅವನನ್ನು ಸುತ್ತಿ ಮಣ್ಣು ಮಾಡಿದರು. ಉಣ್ಣೆ ಹಂಚುವ ಕೆಲಸ ಬೊಮ್ಮವ್ವನ ಪಾಲಿಗೆ ಬಂತು. ದೀಪ ಹಚ್ಚಿದ ಮೇಲೆ, ಒಬ್ಬೊಬ್ಬರೇ ಉಳಿದಿದ್ದ ಮನೆಗಳಿಗೆಲ್ಲ ಹೋಗಿ ಕೊಟ್ಟು ಬರುತ್ತಿದ್ದಳಂತೆ. ಅವಳಿರುವ ತನಕ ಯಾರೂ ಬಾವಿಗೆ ಬೀಳಲಿಲ್ಲ ಅಂತಾರೆ. ಅದು ನಿಜವಾಗಿರಲಿ ಅಂತ ನನ್ನ ಆಸೆ.

ಈಗಲೂ ಆ ಊರಲ್ಲಿ ದೀಪ ಹಚ್ಚಿದ ಮೇಲೆ ಮೊಸರು ಕೇಳಿ ನೋಡಿ, ಕೊಡುವುದಿಲ್ಲ. ಉಪ್ಪು ಕೇಳಿ, ನಾಳೆ ಬಾ ಅಂತಾರೆ. ಆದರೆ ಸಾವಾದ ಮನೆಗೆ, ಮಣ್ಣು ಮಾಡಿ ಬಂದ ಸಂಜೆಯೇ, ಯಾರಾದರೊಬ್ಬರು ಒಂದು ಹಿಡಿ ಉಣ್ಣೆ ತಂದು ಇಟ್ಟು ಹೋಗುತ್ತಾರೆ. ಬೇಕಂತಲೇ ಅದರಲ್ಲೊಂದು ನೆಗ್ಗಿಲು ಮುಳ್ಳು ಸೇರಿಸಿರುತ್ತಾರೆ. ಬೆಳಿಗ್ಗೆ ಬಂದವರು ಏನನ್ನೂ ಕೇಳುವುದಿಲ್ಲ. ಮುಳ್ಳು ಹೊರಗೆ ಬಿದ್ದಿದೆಯಾ ಅಂತ ನೋಡುತ್ತಾರೆ.