ಹಪ್ಪಳದ ಕಂಪ್ಯೂಟರಿನಲ್ಲಿ ಬಿಡಾರ ಹೂಡಿದವರು

ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತುಕೊಳ್ಳಿ. ಬೆಂಕಿಯಲ್ಲಿ ಕಡ್ಡಿ ಆಡಿಸಬೇಡಿ. ಪ್ರಶ್ನೆ ಇದ್ದವರು ಕೈ ಎತ್ತಿ ಕೇಳಿ.

ಒಂದಾನೊಂದು ಊರಿನಲ್ಲಿ, ಎರಡನೆಯದರಲ್ಲಿ ಅಲ್ಲ, ಆ ಒಂದೇ ಊರಿನಲ್ಲಿ, ಚೌಕಾಸಿರಾಯನೆಂಬ ರಾಜನಿದ್ದ. ಅವನಿಗೆ ಎಲ್ಲವೂ ಅಗ್ಗವಾಗಬೇಕು. ಸಂಜೆಯ ಹೊತ್ತು ತನ್ನ ನೆರಳಿನ ಜೊತೆಗೂ ಚೌಕಾಸಿ ಮಾಡುತ್ತಿದ್ದ. “ಇಷ್ಟುದ್ದ ಯಾಕಯ್ಯ? ಸ್ವಲ್ಪ ಕಡಿಮೆ ಮಾಡು.”

ಮನೆಮನೆಗೂ ಕಂಪ್ಯೂಟರ್ ಮಾರಬೇಕೆಂದು ಅವನಿಗೆ ಆಸೆಯಾಯಿತು. ಮೊದಲನೆಯದನ್ನು ಹಲಸಿನ ಮರದಲ್ಲಿ ಮಾಡಿದರು. ಆನೆ ಕೂತರೂ ಅದು ಲೆಕ್ಕ ತಪ್ಪುತ್ತಿರಲಿಲ್ಲ. “ದುಬಾರಿ” ಎಂದ ರಾಜ. ಎರಡನೆಯದನ್ನು ತಗಡಿನಲ್ಲಿ ಮಾಡಿದರು. ಬೆಕ್ಕು ಕೂತರೆ ನೆಗ್ಗಿತು. “ಇನ್ನೂ ದುಬಾರಿ” ಎಂದ ರಾಜ. ಮೂರನೆಯದನ್ನು ಹಪ್ಪಳದಲ್ಲಿ ಮಾಡಿ, ಗುಂಡಿಗಳ ಬದಲು ಹುರಿಗಡಲೆ ಅಂಟಿಸಿದರು. ನೊಣ ಕೂತರೆ ‘ಚಟ್’ ಎಂದಿತು.

“ಈಗ ಸರಿ” ಎಂದ ರಾಜ. “ಆದರೆ ಒಳಗೆ ಜಾಗ ಖಾಲಿ ಬಿದ್ದಿದೆಯಲ್ಲ? ಬಾಡಿಗೆಗೆ ಕೊಡಿ.”

ಹೀಗಾಗಿ ಪ್ರತಿ ಕಂಪ್ಯೂಟರಿನೊಳಗೂ ಅಂಗಡಿಯಲ್ಲೇ ಮೂವರು ಬಿಡಾರ ಹೂಡಿರುತ್ತಿದ್ದರು. ಒಬ್ಬ ಕಾವಲುಗಾರ, ಒಬ್ಬ ಹವಾಮಾನದವನು, ಒಬ್ಬ ಇಸ್ಪೀಟಿನವನು. ಕೊಂಡವರು ಅವರನ್ನು ಕರೆದಿರಲಿಲ್ಲ. ಕರೆಯದಿದ್ದರೂ ಇದ್ದರು. ಕಂಪ್ಯೂಟರ್ ಬಂದಿತೆಂದು ರಾಜ ಊರಿನ ಪೆನ್ನು, ಬಳಪ, ಸ್ಲೇಟುಗಳನ್ನೆಲ್ಲ ಪಕ್ಕದ ರಾಜ್ಯಕ್ಕೆ ಮಾರಿಬಿಟ್ಟ.

ಆ ಊರಿನಲ್ಲಿ ಅಂಬುಜಮ್ಮ ಎಂಬ ಮರ್ಯಾದಸ್ಥ ಗೃಹಿಣಿ ಇದ್ದರು. ಗಂಡನ ಹೆಸರನ್ನು ಒಮ್ಮೆಯೂ ಬಾಯಲ್ಲಿ ಹೇಳಿದವರಲ್ಲ. “ಏನೂಂದ್ರೆ” ಎನ್ನುತ್ತಿದ್ದರು. ನೆರೆಯವರು “ಯಜಮಾನ್ರೇ” ಎನ್ನುತ್ತಿದ್ದರು. ಅಂಗಡಿಯವನು “ಸಾರ್” ಎನ್ನುತ್ತಿದ್ದ. ಯಾರೂ ಬಳಸದ ಹೆಸರಿಗೆ ತುಕ್ಕು ಹಿಡಿಯಿತು. ಒಂದು ಬೆಳಿಗ್ಗೆ ಯಜಮಾನರು ಜೋರಾಗಿ ಸೀನಿದರು. ಹೆಸರು ಉದುರಿ ಮೋರಿಯಲ್ಲಿ ಹರಿದುಹೋಯಿತು.

“ನಾನು ಯಾರು ಮಾರಾಯ್ತಿ?” ಎಂದರು ಅವರು.

ಹೆಸರಿಲ್ಲದ ಮನುಷ್ಯ ಎಷ್ಟು ಹೊತ್ತು ಇದ್ದಾನು? ಅವರು ಕೆಳಗಿನಿಂದ ಅಳಿಸಿಹೋಗತೊಡಗಿದರು. ಮೊದಲು ಕಾಲ್ಬೆರಳು ಮಾಯ. ಆಮೇಲೆ ಪಾದ ಮಾಯ.

“ನಮಗಾರಿಗೂ ಅವರ ಹೆಸರು ಗೊತ್ತಿಲ್ಲ. ನೀವೇ ಬಾಯಿಬಿಟ್ಟು ಹೇಳಿಬಿಡಿ ಅಂಬುಜಮ್ಮ” ಎಂದಳು ಪಕ್ಕದ ಮನೆಯಾಕೆ.

“ಛೆ! ಹೆಂಡತಿಯಾದವಳು ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ.”

“ಇಲ್ಲಿ ಗಂಡನೇ ಕಡಿಮೆಯಾಗುತ್ತಿದ್ದಾರಲ್ಲ!”

“ಹೇಳಬಾರದು. ಬರೆದರೆ ತಪ್ಪಿಲ್ಲ. ಬರೆಯುತ್ತೇನೆ. ಅವರೇ ಓದಿಕೊಳ್ಳಲಿ.”

ಬರೆಯಲು ಊರಿನಲ್ಲಿ ಉಳಿದಿದ್ದುದು ಹಪ್ಪಳದ ಕಂಪ್ಯೂಟರ್ ಮಾತ್ರ. ಅಂಬುಜಮ್ಮ ಅದನ್ನು ಕೊಂಡು ತಂದರು. ‘ನ’ ಒತ್ತಿದರು. ಒಳಗಿಂದ ಕಾವಲುಗಾರ ಎದ್ದು ಕೂಗಿದ. “ಕಳ್ಳ! ಕಳ್ಳ!”

“ಎಲ್ಲಪ್ಪ?”

“ಇನ್ನೂ ಬಂದಿಲ್ಲ. ಬಂದರೆ ಹಿಡಿಯಲೋ ಬೇಡವೋ? ಈಗಲೇ ಹೇಳಿ.”

ಅಷ್ಟರಲ್ಲಿ ‘ನ’ ಮಾಯ. ಮತ್ತೆ ಒತ್ತಿದರು. ಹವಾಮಾನದವನು ತಲೆ ಹೊರಹಾಕಿದ. “ಹೊರಗೆ ಬಿಸಿಲು.”

“ನಮ್ಮ ಮನೆಗೆ ಕಿಟಕಿ ಇದೆಯಪ್ಪ.”

“ಕಿಟಕಿಯನ್ನೆಲ್ಲ ನಂಬಬೇಡಿ ಅಮ್ಮ.”

‘ನ’ ಮಾಯ. ಮತ್ತೆ ಒತ್ತಿದರು. ಇಸ್ಪೀಟಿನವನು ಎಲೆ ಕಲಸುತ್ತ ಬಂದ. “ಒಂದೇ ಒಂದು ಆಟ, ಅಮ್ಮ.”

‘ನ’ ಮಾಯ. ಯಜಮಾನರ ಮೊಣಕಾಲೂ ಮಾಯ.

ಆಗ ಕಂಪ್ಯೂಟರೇ ಮಾತನಾಡಿತು. “ಅಮ್ಮಾ, ನನ್ನ ತಾತ ಹಲಸಿನ ಮರ. ಅಪ್ಪ ತಗಡು. ನಾನು ಹಪ್ಪಳ. ಆದರೂ ಕೆಲಸ ಮಾಡಬೇಕೆಂಬ ಆಸೆ ನನಗೂ ಇದೆ. ಇವರು ಕಾಲು ಚಾಚಿ ಮಲಗಿದ್ದಾರೆ. ಅಕ್ಷರ ಇಡಲು ಜಾಗವಿಲ್ಲ.”

ಅಂಬುಜಮ್ಮ ಕಂಪ್ಯೂಟರನ್ನು ಎತ್ತಿಕೊಂಡು ಅರಮನೆಗೆ ಹೋದರು.

“ಅದಕ್ಕೇನು?” ಎಂದ ರಾಜ. “ಇವರನ್ನು ಹೊರಹಾಕಲು ಒಬ್ಬನನ್ನು ಪುಕ್ಕಟೆ ಕೊಡುತ್ತೇನೆ. ಆದರೆ ಹೊರಹಾಕಬೇಕಾದರೆ ಅವನು ಮೊದಲು ಒಳಗೆ ಹೋಗಬೇಕು.”

ಹೊರಹಾಕುವವನು ಒಳಗೆ ಹೋದ. ಹಿಂದೆಯೇ ಅವನ ಹೆಂಡತಿ ಹೋದಳು. ಹಾಸಿಗೆ ಸುರುಳಿ ಹೋಯಿತು. ಒಂದು ಮೇಕೆಯೂ ಹೋಯಿತು. ಮನೆಗೆ ಬಂದು ಅಂಬುಜಮ್ಮ ಕೇಳಿದರು. “ಏನಪ್ಪ, ಹೊರಹಾಕಿದೆಯಾ?”

“ಇಸ್ಪೀಟಿಗೆ ನಾಲ್ಕನೆಯವನು ಬೇಕಿತ್ತಂತೆ. ಕೂತಿದ್ದೇನೆ” ಎಂದ ಅವನು.

ಹಪ್ಪಳ ಒಂದು ಕಡೆ ಬಿರುಕು ಬಿಟ್ಟಿತು. ಯಜಮಾನರು ಮೂಗಿನಿಂದ ಮೇಲೆ ಮಾತ್ರ ಉಳಿದಿದ್ದರು. ಮಾತೂ ಮೂಗಿನಿಂದಲೇ ಬರುತ್ತಿತ್ತು. “ಬೇಗ ಏನಾದರೂ ಮಾಡು. ಕನ್ನಡಕ ಜಾರುತ್ತಿದೆ.”

ಊರಿನವರು ತಮ್ಮ ತಮ್ಮ ಕಂಪ್ಯೂಟರಿನ ಬಿಡಾರದವರನ್ನು ದಿನವೂ ಬೈಯುತ್ತಿದ್ದರು. ಬೈದಷ್ಟೂ ಅವರು ಇನ್ನಷ್ಟು ತಳವೂರುತ್ತಿದ್ದರು. ಅಂಬುಜಮ್ಮ ಬೈಯಲಿಲ್ಲ. “ಕರೆಯದಿದ್ದರೂ ಬಂದ ಮೇಲೆ ನೆಂಟರೇ. ನೆಂಟರನ್ನು ಕಳಿಸುವ ಕ್ರಮ ನನಗೆ ಗೊತ್ತಿದೆ” ಎಂದರು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ಅರಿಶಿನ ಕುಂಕುಮ ಇಟ್ಟು ತಂದರು.

“ಕಾವಲಪ್ಪ, ಬಾರದ ಕಳ್ಳನಿಗಾಗಿ ನಿದ್ದೆಗೆಟ್ಟೆ. ತುಂಬ ಉಪಕಾರವಾಯಿತು. ಹವಾಮಾನದಪ್ಪ, ನೀನು ಹೇಳಿದ ಮೇಲೆ ಕಿಟಕಿಯಾಚೆ ನೋಡಿದೆ. ಹಾಗೆ ನೋಡಿ ಎಷ್ಟೋ ದಿನವಾಗಿತ್ತು. ಬಹಳ ಚೆಂದದ ಬಿಸಿಲು. ಇಸ್ಪೀಟಪ್ಪ, ನನ್ನನ್ನು ಆಟಕ್ಕೆ ಕರೆದವನು ನೀನೊಬ್ಬನೇ. ನೆನೆಯುತ್ತೇನೆ. ಹೊರಹಾಕಪ್ಪ, ನಿನ್ನ ಹೆಂಡತಿಯನ್ನು ಕರಿ. ಕುಂಕುಮ ತೆಗೆದುಕೊಳ್ಳಲಿ.”

ಹುಟ್ಟಿದಂದಿನಿಂದ ಅವರಿಗೆ ಯಾರೂ ಉಪಕಾರವಾಯಿತು ಎಂದಿರಲಿಲ್ಲ. ಕಾವಲುಗಾರ ಮೂಗು ಒರೆಸಿಕೊಂಡ. ತಾಂಬೂಲ ಕೈಗೆ ಬಂದ ಮೇಲೆ ಕೂತಲ್ಲೇ ಕೂತಿರುವುದು ಎಲ್ಲಾದರೂ ಉಂಟೇ? ಎಲ್ಲರೂ ಎದ್ದರು. ಹಾಸಿಗೆ ಸುತ್ತಿದರು. ಸಾಲಾಗಿ ಹೊರಟರು. ಮೇಕೆಗೂ ಒಂದು ಎಲೆ ಸಿಕ್ಕಿತು.

ಅಂಬುಜಮ್ಮ ‘ನ’ ಒತ್ತಿದರು. ಅಕ್ಷರ ನಿಂತಿತು. ಯಜಮಾನರಿಗೆ ಮೀಸೆ ಬಂದಿತು. ‘ರ’ ಒತ್ತಿದರು. ಭುಜ ಬಂದಿತು. ‘ಹ’ ಒತ್ತಿದರು. ಹೊಟ್ಟೆ ಬಂದಿತು, ಮೊದಲಿನಷ್ಟೇ ಬಂದಿತು. ‘ರಿ’ ಒತ್ತಿದರು. ಕಾಲು ಬಂದಿತು.

“ನಮ್ಮ ಹಪ್ಪಳದ ಕುಲದಲ್ಲಿ ಕೆಲಸ ಮುಗಿಸಿದವನು ನಾನೇ ಮೊದಲು. ಜಾಗ ಮಾಡಿಕೊಟ್ಟಿರಿ, ಉಪಕಾರ ಅಮ್ಮ” ಎಂದು ಕಂಪ್ಯೂಟರ್ ‘ಚಟ್’ ಎಂದು ಎರಡಾಯಿತು. ಅಂಬುಜಮ್ಮ ಕೈ ಮುಗಿದರು. ಅದನ್ನು ಆ ಮನೆಯಲ್ಲಿ ಯಾರೂ ಎಣ್ಣೆಗೆ ಹಾಕಲಿಲ್ಲ.

“ನರಹರಿ! ನಾನು ನರಹರಿ!” ಎಂದು ಯಜಮಾನರು ಕುಣಿದರು. ಆಮೇಲೆ ನಿಂತು, ಕನ್ನಡಕ ಸರಿಮಾಡಿಕೊಂಡು, “ಥ್ಯಾಂಕ್ಸ್ ಅಂಬುಜಾ” ಎಂದರು.

ಮದುವೆಯಾದಾಗಿನಿಂದ ಆ ಹೆಸರು ಅವರ ಬಾಯಲ್ಲಿ ಬಂದಿರಲಿಲ್ಲ. ಅಂಬುಜಮ್ಮನಿಗೆ ಗಾಬರಿಯಾಯಿತು. “ಏನೂಂದ್ರೆ! ಬಾಗಿಲು ತೆರೆದಿದೆ!”

ಹೋಗಿ ಬಾಗಿಲು ಹಾಕಿದರು. ಚಿಲಕವನ್ನೂ ಹಾಕಿದರು. ಬಂದು ಎದುರಿಗೆ ನಿಂತರು.

“ಈಗ ಇನ್ನೊಮ್ಮೆ ಹೇಳಿ” ಎಂದರು.

ನೀತಿ: ಕರೆಯದೆ ಬಂದವರಿಗೆ ಎಲೆ ಅಡಿಕೆ ಬೇಗ ಕೊಡಬೇಕು. ಸೀನುವಾಗ ಹೆಸರನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಅವರು ಬಾಗಿಲ ಆಚೆಗೆ, ನಾವು ಈಚೆಗೆ. ಕತೆಗೆ ಉಪಕಾರ ಹೇಳಿ ಏಳಿ, ಒಬ್ಬೊಬ್ಬರಾಗಿ.